ಎಷ್ಟು ಇಂಚು, ಲುಸಿಂಡಾ?

ಚಳಿಗಾಲ ಬಂತೆಂದರೆ ಟಾಲ್ಬಟ್ ಹಾರ್ಬರ್‌ನಲ್ಲಿ ಲುಸಿಂಡಾ ಫುರ್ಟಾಡೊಳನ್ನು ಯಾರೂ ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. ಮೀನಿನಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಒಂದೇ ಪ್ರಶ್ನೆ: "ಎಷ್ಟು ಇಂಚು, ಲುಸಿಂಡಾ?" ಈಶಾನ್ಯದ ಬಿರುಗಾಳಿ ಬರುತ್ತದೆಂಬುದು ಊರಿನ ಮಂಡಿನೋವಿನವರಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಎಷ್ಟು ಹಿಮ ಬೀಳುತ್ತದೆಂಬ ಅಂಕಿ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹಿಮದ ಬಿರುಗಾಳಿಯಲ್ಲಿ ಹೆದ್ದಾರಿಯ ಮೇಲೆ ಕಾರಿನೊಳಗೇ ಸಿಕ್ಕಿಬಿದ್ದಿದ್ದವರು ಊರಿನಲ್ಲಿ ಇನ್ನೂ ಇದ್ದರು. ಹಾಗಾಗಿ ಆ ಅಂಕಿಯನ್ನು ಯಾರೂ ತಮಾಷೆಗೆ ಕೇಳುತ್ತಿರಲಿಲ್ಲ.

ಬಾಸ್ಟನ್ನಿನ ಉತ್ತರಕ್ಕಿರುವ ಆ ಬಂದರಿನಲ್ಲಿ ಅವಳ ಮನೆತನದವರು ಮೂರು ತಲೆಮಾರಿನಿಂದ ಮೀನು ಹಿಡಿದವರು. ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಿಂದ ಬಂದವರು. ತಾಯಿ ಬೇಗ ತೀರಿಕೊಂಡಳು. ತಂದೆ ಜರ್ವಾಸಿಯೊ ವಾರಗಟ್ಟಲೆ ಕಡಲಿನಲ್ಲಿರುತ್ತಿದ್ದ. ಅವಳನ್ನು ಬೆಳೆಸಿದವಳು ತಂದೆಯ ತಾಯಿ, ಊರಿಗೆಲ್ಲ ಡೆಲ್ಮಿರಾ, ಲುಸಿಂಡಾಳಿಗೆ ವೊವೊ, ಅವರ ಮಾತಿನಲ್ಲಿ ಅಜ್ಜಿ. ಕಾಲೇಜಿಗೆ ಹೋಗಿ ಗಾಳಿ ಮಳೆ ಓದುತ್ತೇನೆಂದು ಹುಡುಗಿ ಹೇಳಿದಾಗ ತಂದೆ ನಕ್ಕುಬಿಟ್ಟಿದ್ದ. ಬಂದ ಮೇಲೆ ಗಾಳಿ ಬಂತು ಅಂತ ಹೇಳುವುದಕ್ಕೆ ನಾನೇ ಇದ್ದೇನೆ, ಬರುವ ಮುಂಚೆ ಹೇಳುವವಳಾದರೆ ಓದು ಎಂದಿದ್ದ. ಅವಳು ಓದಿ ಮುಗಿಸುವ ಹೊತ್ತಿಗೆ ಅವನು ಕಾಯಿಲೆ ಬಿದ್ದು ತೀರಿಹೋಗಿದ್ದ. ಮನೆಯಲ್ಲಿ ಉಳಿದವರು ಅಜ್ಜಿ, ಮೊಮ್ಮಗಳು ಇಬ್ಬರೇ.

ಲುಸಿಂಡಾಳಿಗೆ ಒಳನಾಡಿನ ಹವಾಮಾನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕರಾವಳಿಯ ಪಟ್ಟಿ ಅವಳ ಪಾಲಿಗೆ ಬಂತು. ಹಳಬರು ಅದನ್ನು ಹೊಸಬಳ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದರು ಎಂದರೂ ತಪ್ಪಿಲ್ಲ. ಏಕೆಂದರೆ ಒಳನಾಡಿನಲ್ಲಿ ಚಳಿಗಾಲ ಎಂದರೆ ಹಿಮ, ಅಷ್ಟೇ. ಕಡಲತಡಿಯಲ್ಲಿ ಹಾಗಲ್ಲ. ಬಿರುಗಾಳಿಯ ನಡುಭಾಗ ತೀರಕ್ಕೆ ಒಂದಿಷ್ಟು ಹತ್ತಿರ ಹಾದುಹೋದರೆ ಪೂರ್ವದ ಗಾಳಿ ಕಡಲಿನ ಬೆಚ್ಚನೆಯ ಉಸಿರನ್ನು ಊರಿಗೆ ತಂದು ಸುರಿಯುತ್ತದೆ. ಹಿಮವೆಲ್ಲ ಮಳೆ. ಒಂದಿಷ್ಟು ದೂರ ಹಾದುಹೋದರೆ ಉತ್ತರದ ಗಾಳಿ, ಒಂದೂವರೆ ಅಡಿ ಹಿಮ. ಇನ್ನೂ ದೂರ ಹೋದರೆ ಮೋಡ ಮಾತ್ರ. ಒಂದು ಇಂಚು ಮಳೆ ಹೆಚ್ಚಾಗಿ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ನೀರು ಹಿಮವಾಗಿ ಬಿದ್ದರೆ ಹತ್ತು ಇಂಚು. ಚಳಿ ಕಚ್ಚುವಂತಿದ್ದರೆ ಹತ್ತಿಯಂತೆ ಅರಳಿ ಹದಿನೈದು, ಚಳಿ ಸಾಲದಿದ್ದರೆ ಕಲಸಿಟ್ಟ ಹಿಟ್ಟಿನಂತೆ ಕುಸಿದು ಐದು. ಇಷ್ಟನ್ನೂ ಬಿರುಗಾಳಿ ಇನ್ನೂ ಹುಟ್ಟುವ ಮೊದಲೇ, ಯಂತ್ರದಿಂದ ಉರುಳಿ ಬರುವ ಹವಾಮಾನದ ನಕ್ಷೆಗಳನ್ನು ನೋಡಿ ಹೇಳಬೇಕು.

ಟಾಲ್ಬಟ್ ಹಾರ್ಬರ್‌ನ ಕಷ್ಟವಂತೂ ಬೇರೆಯೇ. ಬಂದರಿನ ಹಿಂದೆಯೇ ಓಕ್ ಗುಡ್ಡ ಎದ್ದುನಿಂತಿದೆ. ಕೆಳಗೆ ಮೀನುಗಾರರ ಮನೆಗಳು, ಮೇಲೆ ಸೇಬಿನ ತೋಟಗಳು. ಮಳೆಯನ್ನೂ ಹಿಮವನ್ನೂ ಬೇರೆ ಮಾಡುವ ಗೆರೆ ಬಿರುಗಾಳಿಗೊಮ್ಮೆ ಬಂದು ಈ ಊರಿನ ನಡುವೆಯೇ ಕೂರುತ್ತಿತ್ತು. ಕೆಳಗಿನವರು ಕೊಡೆ ಹಿಡಿದು ನಡೆಯುವಾಗ ಮೇಲಿನವರು ಸಲಿಕೆ ಹುಡುಕುತ್ತಿದ್ದರು. ಬಂದರಿನಲ್ಲೊಂದು ಶಾಲೆ, ಗುಡ್ಡದ ಮೇಲೊಂದು ಶಾಲೆ. ಎರಡಕ್ಕೂ ಒಬ್ಬನೇ ಮೇಲಧಿಕಾರಿ, ಎಲ್ಬ್ರಿಜ್ ಹ್ಯಾಸ್ಕೆಲ್.

ಹ್ಯಾಸ್ಕೆಲ್ ಉದ್ದನೆಯ, ಒಣಕಲು ಮನುಷ್ಯ. ಮಾತಾಡಿದರೆ ಮುತ್ತು ಉದುರೀತೆಂದು ಬಿಗಿಹಿಡಿದವನಂತೆ ಇರುತ್ತಿದ್ದ. ಶಾಲೆಗೆ ರಜೆ ಕೊಡಬೇಕೋ ಬೇಡವೋ ಎಂದು ಬೆಳಕು ಹರಿಯುವ ಮೊದಲೇ ಅವನು ತೀರ್ಮಾನಿಸಬೇಕಿತ್ತು. ಅದಕ್ಕಾಗಿ ನಸುಕಿನಲ್ಲಿ ಕಚೇರಿಗೆ ಫೋನ್ ಮಾಡುತ್ತಿದ್ದ. ಲುಸಿಂಡಾ ನಸುಕಿನ ಪಾಳಿಯಲ್ಲಿದ್ದರೆ ಅವಳೇ ಎತ್ತುತ್ತಿದ್ದಳು. ಮೊದಲ ವರ್ಷಗಳಲ್ಲಿ ಆ ಮಾತು ಮೂರು ವಾಕ್ಯ ದಾಟುತ್ತಿರಲಿಲ್ಲ. ಮಿಸ್ ಫುರ್ಟಾಡೊ, ಕೆಳಗೆಷ್ಟು, ಮೇಲೆಷ್ಟು, ಧನ್ಯವಾದ. ಆಮೇಲೆ ಅವನ ಹೆಂಡತಿ ತೀರಿಕೊಂಡಳು. ಆ ಚಳಿಗಾಲದಲ್ಲಿ ಮಾತು ಸ್ವಲ್ಪ ಉದ್ದವಾಯಿತು. ಫೋನಿನ ಆಚೆ ನಾಯಿಯೊಂದು ಆಕಳಿಸುವುದು, ಕೆಟಲ್ ಕೂಗುವುದು ಅವಳಿಗೆ ಕೇಳುತ್ತಿತ್ತು. ನಾಯಿಗೆ ಹಿಮ ಇಷ್ಟವೋ ಮಳೆಯೋ ಎಂದು ಒಮ್ಮೆ ಕೇಳಿದಳು. ಅದು ಶಿಕ್ಷಣ ಮಂಡಳಿಯ ಅನುಮತಿ ಇಲ್ಲದೆ ಅಭಿಪ್ರಾಯ ಹೇಳುವುದಿಲ್ಲ ಎಂದ. ಅವಳಿಗೆ ನಗು ಬಂತು. ಅದೇ ಮನುಷ್ಯ ಹಗಲಿನಲ್ಲಿ ರಸ್ತೆಯಲ್ಲಿ ಸಿಕ್ಕರೆ ಟೋಪಿ ಎತ್ತಿ, ತಲೆಯಾಡಿಸಿ, ಮುಖ ಕೆಂಪಾಗಿಸಿಕೊಂಡು ಆಚೆಯ ಬದಿಗೆ ದಾಟಿಬಿಡುತ್ತಿದ್ದ.

ಅವಳು ಎಡವಿದ್ದು ಒಂದು ಡಿಸೆಂಬರಿನಲ್ಲಿ.

ಬಂದರಿನ ಶಾಲೆಯಲ್ಲಿ ಮಿಸ್ ಗೋವ್ ಎಂಬ ಸಂಗೀತದ ಟೀಚರ್ ಇದ್ದಳು. ಊರಿನ ಅರ್ಧಕ್ಕರ್ಧ ಜನಕ್ಕೆ, ಲುಸಿಂಡಾಳಿಗೂ, ಹಾಡು ಕಲಿಸಿದವಳು. ಕ್ರಿಸ್ಮಸ್‌ನ ರಜೆಯೊಂದಿಗೆ ಅವಳ ನೌಕರಿ ಮುಗಿಯುವುದಿತ್ತು. ಅವಳ ಕೊನೆಯ ಸಂಗೀತ ಕಛೇರಿಯಲ್ಲಿ ಹಾಡಲೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಬೇಸಿಗೆಯಿಂದಲೇ ತಾಲೀಮು ನಡೆಸಿದ್ದರು. ಆ ದಿನಕ್ಕೇ ಬಿರುಗಾಳಿ ಬರುವಂತೆ ಕಂಡಿತು. ನಕ್ಷೆಗಳೆಲ್ಲ ಒಂದೇ ದಾರಿ ತೋರಿಸುತ್ತಿದ್ದವು. ಕೆಳಗೂ ಮೇಲೂ ಒಂದಡಿ ಎಂದಳು ಲುಸಿಂಡಾ. ಹ್ಯಾಸ್ಕೆಲ್ ಶಾಲೆಗಳನ್ನು ಮುಚ್ಚಿ ಸಂಜೆಯ ಕಛೇರಿಯನ್ನೂ ರದ್ದು ಮಾಡಿದ. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿಯಾದವು. ಹಿಮ ತಳ್ಳುವ ಲಾರಿಗಳು ಮೂತಿಗೆ ಹಲಗೆ ಕಟ್ಟಿಕೊಂಡು ರಸ್ತೆಬದಿಯಲ್ಲಿ ಸಾಲಾಗಿ ನಿಂತವು.

ಮಳೆ ಬಂತು. ಬೆಳಗಿನಿಂದ ಸಂಜೆಯವರೆಗೂ ಮಳೆ, ಗುಡ್ಡದ ತುದಿಗೂ ಮಳೆ. ಬಿರುಗಾಳಿ ತೀರಕ್ಕೆ ಅಂಟಿಕೊಂಡು ನಡೆದಿತ್ತು. ಡಿಸೆಂಬರಿನ ಕಡಲಿನಲ್ಲಿ ಇನ್ನೂ ಬೇಸಿಗೆಯ ಬಿಸಿ ಉಳಿದಿರುತ್ತದೆ. ಪೂರ್ವದ ಗಾಳಿ ಅದನ್ನೆಲ್ಲ ಹೊತ್ತು ತಂದಿತ್ತು. ಸಂಜೆಯ ಹೊತ್ತಿಗೆ ಮಳೆಯೂ ನಿಂತು, ಕಛೇರಿ ಆಗಬೇಕಿದ್ದ ಸಮಯಕ್ಕೆ ಸರಿಯಾಗಿ ಆಕಾಶದಲ್ಲಿ ನಕ್ಷತ್ರ ಮೂಡಿದವು.

ಮರುದಿನ ಬೇಕರಿಯ ಒಡೀಟ್, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಲುಸಿಂಡಾ, ನೀನು ಹೇಳಿದ ಒಂದಡಿ ಹಿಮ ಎಲ್ಲಮ್ಮ? ನನ್ನ ಮಗ ಹೊಸ ಸಲಿಕೆ ತಂದವ್ನೆ, ಅದ್ರಲ್ಲಿ ಏನು ಸೂಪು ಬಡಿಸ್ಲಾ?" ಎಂದಳು. ಎಲ್ಲರೂ ನಕ್ಕರು. ಲುಸಿಂಡಾಳೂ ನಕ್ಕಳು. ಸಿಹಿಬ್ರೆಡ್ಡಿನ ಪೊಟ್ಟಣ ಹಿಡಿದು ಹೊರಗೆ ಬಂದವಳು ಬಳಸುದಾರಿ ಹಿಡಿದು ಮನೆಗೆ ಹೋದಳು. ಊರಿನ ಸಭೆಯಲ್ಲಿ ಹ್ಯಾಸ್ಕೆಲ್‌ನನ್ನು ಹಿಡಿದು ನಿಲ್ಲಿಸಿ ಕೇಳಿದರಂತೆ. ತೀರ್ಮಾನ ನನ್ನದು, ಹವಾಮಾನದವರದಲ್ಲ ಎಂದಷ್ಟೇ ಹೇಳಿ ಅವನು ಕೂತನಂತೆ. ಅದು ಅವಳ ಕಿವಿಗೆ ಬಿದ್ದದ್ದು ಬೇರೆಯವರಿಂದ.

ಕಛೇರಿಯನ್ನು ಮತ್ತೆ ನಡೆಸಲು ಆಗಲಿಲ್ಲ. ಹೊರಗಿನಿಂದ ಬಂದ ಹಳೆಯ ವಿದ್ಯಾರ್ಥಿಗಳು ಚದುರಿಹೋಗಿದ್ದರು. ಮಿಸ್ ಗೋವ್ ಹೊಸವರ್ಷಕ್ಕೆ ಫ್ಲಾರಿಡಾದ ತಂಗಿಯ ಮನೆಗೆ ಹೊರಡುವವಳಿದ್ದಳು. ಅವಳು ಹೊರಡುವ ಮೊದಲು ಲುಸಿಂಡಾ ಅವಳ ಮನೆಗೆ ಹೋದಳು. ಪೆಟ್ಟಿಗೆಗಳ ನಡುವೆ ಪಿಯಾನೊದ ಸ್ಟೂಲು ಮಾತ್ರ ಖಾಲಿಯಿತ್ತು. ಅದರ ಮೇಲೆ ಕೂತು, ಹೇಗೆ ಶುರುಮಾಡಬೇಕೆಂದು ತಿಳಿಯದೆ, ನನ್ನಿಂದ ನಿಮ್ಮ ಕಛೇರಿ ಹೋಯಿತು ಎಂದಳು.

ಮಿಸ್ ಗೋವ್ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಹೋಯ್ತು. ಬೇಜಾರಾಯ್ತು. ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು. ಆಮೇಲೆ ಒಂದು ಶಾಲು ಮಡಚಿ ಪೆಟ್ಟಿಗೆಗೆ ಹಾಕುತ್ತ, "ಚಿಕ್ಕೋಳಿದ್ದಾಗ ನೀನು ಯಾವಾಗ್ಲೂ ಅರ್ಧ ತಾಳ ಮೊದ್ಲೇ ಹಾಡೋಕೆ ಶುರು ಮಾಡ್ತಿದ್ದೆ, ನೆನಪಿದ್ಯಾ? ನಾನು ಬೈದಿದ್ದೂ ಇದೆ. ಆದ್ರೆ ಲುಸಿಂಡಾ, ತಪ್ಪಾದೀತು ಅಂತ ಬಾಯೇ ಬಿಡದೆ ನಿಂತಿರ್ತಿದ್ವಲ್ಲ ಕೆಲವು, ಅವಕ್ಕೆ ಮಾತ್ರ ನನಗೆ ಏನೂ ಕಲಿಸೋಕಾಗ್ಲಿಲ್ಲ," ಎಂದಳು. ಹೋಗುವಾಗ ಅವಳನ್ನು ತಬ್ಬಿಕೊಂಡಳು. ಲುಸಿಂಡಾ ಮನೆಯವರೆಗೆ ಅಳುತ್ತಲೇ ನಡೆದಳು.

ಹೇಳಿದ್ದು ಅರ್ಥವಾಗುವುದು ಬೇರೆ, ಎದೆಗಿಳಿಯುವುದು ಬೇರೆ. ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಿಗೆ ಮಜ್ಜಿಗೆ ಕಂಡರೂ ಭಯ. ಜನವರಿಯ ಮುಂದಿನ ಬಿರುಗಾಳಿಗೆ ಹ್ಯಾಸ್ಕೆಲ್ ಫೋನ್ ಮಾಡಿದಾಗ ಅವಳು ಎರಡರಿಂದ ಹನ್ನೆರಡು ಇಂಚು ಎಂದಳು. ಮಳೆಯೂ ಆಗಬಹುದು, ಆಲಿಕಲ್ಲೂ ಆಗಬಹುದು, ದಾರಿ ಬದಲಾದರೆ ಏನೂ ಆಗದೆಯೂ ಇರಬಹುದು ಎಂದಳು.

"ಮಿಸ್ ಫುರ್ಟಾಡೊ, ಇದು ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಯ್ತು," ಎಂದ ಹ್ಯಾಸ್ಕೆಲ್. "ನೀವು ಹೇಳ್ತಿರೋದು ಹವಾಮಾನಾನೋ, ನಿಮ್ಮ ಭಯಾನೋ?"

ಅವಳು ನಕ್ಷೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ನೋಡಿ," ಎಂದ ಅವನು, ದನಿ ತಗ್ಗಿಸಿ. "ನಿಮ್ಮ ಮನಸ್ಸಿಗೆ ಏನನ್ಸುತ್ತೆ, ಮೊದ್ಲು ಅದನ್ನ ಹೇಳಿ. ಅದರ ಮೇಲೆ ನಿಮಗೆ ಎಷ್ಟು ನಂಬಿಕೆ ಇದೆ, ಅದನ್ನೂ ಹೇಳಿ. ತೀರ್ಮಾನ ಮಾಡೋ ಹೊರೆ ನಂದು. ಅದನ್ನೂ ನೀವೇ ಹೊರ್ತೀನಿ ಅಂದ್ರೆ ನಾನ್ಯಾಕೆ ಇರ್ಬೇಕು?"

ಲುಸಿಂಡಾ ಕಣ್ಣು ಮುಚ್ಚಿಕೊಂಡು ಹೇಳಿದಳು: ಗುಡ್ಡದ ಮೇಲೆ ಆರು ಇಂಚು, ಕೆಳಗೆ ಮಳೆಯ ಜೊತೆ ಒಂದಿಷ್ಟು ಕೆಸರು ಹಿಮ, ಹತ್ತಕ್ಕೆ ಏಳು ಪಾಲು ನಂಬಿಕೆ. ಅವನು ಧನ್ಯವಾದ ಹೇಳಿ ಫೋನಿಟ್ಟ. ಗುಡ್ಡದ ಮೇಲೆ ನಾಲ್ಕು ಬಿತ್ತು. ಕೆಳಗೆ ಮಳೆ. ಯಾರೂ ಹೊಗಳಲಿಲ್ಲ, ಬೈಯಲೂ ಇಲ್ಲ. ಅವತ್ತಿನಿಂದ ಇಬ್ಬರ ನಡುವೆ ಅದೇ ರೂಢಿಯಾಯಿತು. ಅಂಕಿಯೊಂದಿಗೆ ನಂಬಿಕೆಯನ್ನೂ ಅಳೆದು ಕೊಡುವುದು. ಒಮ್ಮೊಮ್ಮೆ ಹ್ಯಾಸ್ಕೆಲ್ ಬೇರೆ ವಿಷಯಕ್ಕೂ ಹಾಗೆ ಹೇಳುತ್ತಿದ್ದ. ನಿಮ್ಮ ದನಿ ಕೇಳಿದರೆ ನೆಗಡಿ ಬಂದಂತಿದೆ, ಹತ್ತಕ್ಕೆ ಎಂಟು ಪಾಲು ನಂಬಿಕೆ ಎನ್ನುತ್ತಿದ್ದ.

ಮನೆಯಲ್ಲಿ ಈ ಫೋನಿನ ಮನುಷ್ಯನ ಬಗ್ಗೆ ವೊವೊಗೆ ಎಲ್ಲ ಗೊತ್ತಿತ್ತು. ಎಂಬತ್ತು ದಾಟಿದ ಮುದುಕಿ. ಕಿವಿ ಮಂದ, ಬಾಯಿ ಚುರುಕು. ಅವಳ ಪ್ರಕಾರ ನಸುಕಿನಲ್ಲಿ ಎದ್ದು ಹೆಂಗಸಿಗೆ ಫೋನ್ ಮಾಡುವ ಗಂಡಸಿಗೆ ಹಿಮದ ಚಿಂತೆ ಅಷ್ಟೇ ಇರುವುದಿಲ್ಲ. "ಆ ಶಾಲೆಯೋನು ನಿನ್ನ ಹತ್ರ ಮದುವೆ ಮಾತು ಯಾವಾಗ ಎತ್ತಾನೆ? ಅದಕ್ಕೂ ನಕ್ಷೆ ಬರ್ಬೇಕಾ?" ಎಂದು ಕೇಳುತ್ತಿದ್ದಳು. ಲುಸಿಂಡಾ ನಲವತ್ತು ದಾಟಿದ ಹೆಂಗಸು. ಕಿವಿ ಕೆಂಪಾಗುವಷ್ಟು ಸಿಟ್ಟು ಬರುತ್ತಿತ್ತು ಅವಳಿಗೆ, ಅದು ಬರೀ ಸಿಟ್ಟಲ್ಲ ಎಂಬುದೂ ಗೊತ್ತಿತ್ತು.

ಮಾರ್ಚಿನಲ್ಲಿ ಇನ್ನೊಂದು ಬಿರುಗಾಳಿ ಬಂತು.

ಕಚೇರಿಯ ನಕ್ಷೆಗಳು ಕರಾವಳಿಗೆ ಮಳೆ ಎಂದವು. ಲುಸಿಂಡಾಳಿಗೂ ಹಾಗೇ ಅನ್ನಿಸಿತು. ಪೂರ್ವದ ಗಾಳಿ ಗಟ್ಟಿಯಾಗಿತ್ತು. ಹ್ಯಾಸ್ಕೆಲ್‌ಗೆ ಗುಡ್ಡದ ಮೇಲೆ ಎಂಟು ಇಂಚು, ಕೆಳಗೆ ಹೆಚ್ಚೆಂದರೆ ಎರಡು ಎಂದಳು. ನಂಬಿಕೆ ಎಷ್ಟು ಎಂದ. ಆರು ಪಾಲು ಎಂದಳು. ಉಳಿದ ನಾಲ್ಕು ಪಾಲು ಏನು ಎಂದು ಅವನು ಮೊದಲ ಬಾರಿಗೆ ಕೇಳಿದ. ಮಳೆ ತುಂಬ ಜೋರಾಗಿ ಸುರಿದರೆ ಅದು ಮೇಲಿನ ಚಳಿಯನ್ನು ತನ್ನ ಜೊತೆ ಕೆಳಕ್ಕೆಳೆದುಕೊಂಡು ಬರುತ್ತದೆ, ಮಾರ್ಚಿನ ಕಡಲಿನಲ್ಲಿ ಬಿಸಿ ಉಳಿದಿರುವುದಿಲ್ಲ, ಆಗ ಗಾಳಿ ಉತ್ತರಕ್ಕೆ ತಿರುಗಿಬಿಟ್ಟರೆ ಮಳೆಯೇ ಹಿಮವಾಗಿಬಿಡುತ್ತದೆ ಎಂದಳು. ಹಾಗಾದರೆ ಬಂದರಿನ ಶಾಲೆ ಮಾತ್ರ ತೆರೆಯುತ್ತೇನೆ, ಬಸ್ಸಿನವರಿಗೆ ಮನೆಗೆ ಹೋಗದೆ ಅಲ್ಲೇ ಇರಲು ಹೇಳುತ್ತೇನೆ ಎಂದ ಹ್ಯಾಸ್ಕೆಲ್.

ತನ್ನ ಮನೆಗೆ ಸಂಬಂಧಿಸಿದ ತೀರ್ಮಾನವನ್ನೂ ಲುಸಿಂಡಾ ಆ ಆರು ಪಾಲಿನ ಮೇಲೆಯೇ ಮಾಡಿದ್ದಳು. ಅವರ ಮನೆ ಬಂದರಿನ ತುದಿಯಲ್ಲಿತ್ತು. ಮನೆ ಬಿಸಿಮಾಡುವ ಎಣ್ಣೆಯ ಒಲೆಯ ಹೊಗೆ ಕೊಳವೆ ಉತ್ತರದ ಗೋಡೆಯಲ್ಲಿ, ನೆಲಕ್ಕೆ ಮೊಣಕಾಲೆತ್ತರದಲ್ಲಿ ಹೊರಚಾಚಿತ್ತು. ಗಾಳಿಗೆ ಹಿಮ ಅಲ್ಲಿ ಬಂದು ರಾಶಿಬೀಳುತ್ತಿತ್ತು. ಕೊಳವೆ ಮುಚ್ಚಿದರೆ ಹೊಗೆಯೆಲ್ಲ ಒಳಕ್ಕೇ ತಿರುಗುತ್ತದೆ, ಮಲಗಿದವರು ಮತ್ತೆ ಏಳುವುದಿಲ್ಲ. ಪ್ರತಿ ಹಿಮಕ್ಕೂ ಲುಸಿಂಡಾ ತಾನೇ ನಿಂತು ಅದರ ಬಾಯಿ ಬಿಡಿಸುತ್ತಿದ್ದಳು, ಪಾಳಿಯಿದ್ದರೆ ಯಾರಿಗಾದರೂ ಹೇಳಿಹೋಗುತ್ತಿದ್ದಳು. ಅವತ್ತು ಮಳೆ ತಾನೇ ಎಂದು ಯಾರಿಗೂ ಹೇಳಿರಲಿಲ್ಲ.

ಬೆಳಗು ಕಳೆದು ಬಿಸಿಲೇರುವ ಹೊತ್ತು. ಬಿಸಿಲೆಲ್ಲಿ ಬಂತು, ಕಿಟಕಿಯ ಹೊರಗೆಲ್ಲ ಬೂದುಬಣ್ಣ. ಬಂದರಿನ ದೀಪಸ್ತಂಭದ ಕಾವಲಿನವರಿಂದ ವರದಿ ಬಂತು: ಭಾರೀ ಮಳೆ, ಪೂರ್ವದ ಗಾಳಿ. ಮುಂದಿನ ವರದಿಯಲ್ಲಿ ಗಾಳಿ ಈಶಾನ್ಯಕ್ಕೆ ಬಂದಿತ್ತು. ಅದರ ಮುಂದಿನದರಲ್ಲಿ ಉತ್ತರ. ಮಳೆಯಲ್ಲಿ ಹಿಮದ ಹೂ ಬೆರೆತಿದೆ, ಚಳಿ ಏರುತ್ತಿದೆ ಎಂದರು. ಲುಸಿಂಡಾ ಕಾಗದ ಹಿಡಿದು ಹಿರಿಯ ಸಹೋದ್ಯೋಗಿ ಪ್ರೆಬಲ್‌ನ ಮೇಜಿಗೆ ಹೋದಳು. ಅವನು ಒಳ್ಳೆಯವನು, ಅವಳಿಗೆ ಕೆಲಸ ಕಲಿಸಿದವನು. ಹೊಸ ನಕ್ಷೆ ಬರುವವರೆಗೆ ಕಾಯೋಣ, ಡಿಸೆಂಬರಿನಲ್ಲಿ ಆದದ್ದು ಮತ್ತೊಮ್ಮೆ ಆಗುವುದು ಬೇಡ ಎಂದ. ಅವಳ ಒಳ್ಳೆಯದಕ್ಕೇ ಹೇಳಿದ್ದ.

"ನಕ್ಷೆ ಬರೋ ಹೊತ್ತಿಗೆ ಮಕ್ಕಳು ರಸ್ತೇಲಿ ಸಿಕ್ಕಿಹಾಕ್ಕೊಂಡಿರ್ತಾರೆ," ಎಂದಳು ಲುಸಿಂಡಾ. "ತಪ್ಪಾದ್ರೆ ನನ್ನ ಹೆಸರು ಬರ್ಕೊಳ್ಳಿ."

ಪ್ರೆಬಲ್ ಅವಳ ಮುಖ ನೋಡಿದ. ತನ್ನ ಮುಂದಿದ್ದ ಫೋನನ್ನು ಅವಳ ಕಡೆ ತಳ್ಳಿ, ತಾನೇ ಎಚ್ಚರಿಕೆ ಬರೆಯಲು ಕೂತ.

ಅಷ್ಟು ವರ್ಷಗಳಲ್ಲಿ ಅವಳಾಗಿಯೇ ಹ್ಯಾಸ್ಕೆಲ್‌ಗೆ ಫೋನ್ ಮಾಡಿದ್ದು ಅದೇ ಮೊದಲು. ಅವನು ಎತ್ತಿದ.

"ನಾಲ್ಕು ಪಾಲು ಬಂತು," ಎಂದಳು. "ಈಗ್ಲೇ ಕಳಿಸಿ. ಸಂಜೆ ಹೊತ್ತಿಗೆ ಒಂದಡಿ."

ನಂಬಿಕೆ ಎಷ್ಟು ಎಂದು ಅವನು ಕೇಳಲಿಲ್ಲ. "ಸರಿ," ಎಂದ. ಆಮೇಲೆ, ಫೋನಿಡುವ ಮುಂಚೆ, "ನಿಮ್ಮ ಅಜ್ಜಿ ಮನೇಲಿ ಒಬ್ರೇ ಇದ್ದಾರಾ?" ಎಂದ.

ಅಲ್ಲಿಯವರೆಗೆ ಅವಳಿಗೆ ಅದು ಹೊಳೆದೇ ಇರಲಿಲ್ಲ. ಊರಿನ ಮಕ್ಕಳೆಲ್ಲ ನೆನಪಾಗಿದ್ದರು, ವೊವೊ ನೆನಪಾಗಿರಲಿಲ್ಲ. ಕೊಳವೆಯ ವಿಷಯ ಹೇಳಿದಳು. ಮಕ್ಕಳೆಲ್ಲ ಮನೆ ಸೇರಿದ ಮೇಲೆ ತಾನೇ ಹೋಗುತ್ತೇನೆಂದು ಹ್ಯಾಸ್ಕೆಲ್ ಹೇಳಿದ.

ಬಸ್ಸುಗಳು ಹೊರಟಾಗ ನೆಲ ಆಗಷ್ಟೇ ಬಿಳಿಯಾಗುತ್ತಿತ್ತಂತೆ. ಕೊನೆಯ ಬಸ್ಸು ವಾಪಸು ಬಂದಾಗ ಚಕ್ರದ ಅರ್ಧ ಮುಳುಗುವಷ್ಟು ಹಿಮವಿತ್ತಂತೆ. ಅಪ್ಪ ಅಮ್ಮ ಇಬ್ಬರೂ ಮೀನಿನ ಕಾರ್ಖಾನೆಯಲ್ಲಿರುವ ಮಕ್ಕಳನ್ನು ಶಾಲೆಯ ಆಟದ ಕೋಣೆಯಲ್ಲಿ ಉಳಿಸಿಕೊಂಡರು. ಅವರನ್ನು ಕರೆದೊಯ್ಯಲು ಒಬ್ಬೊಬ್ಬರೇ ನಡೆದು ಬಂದರು. ಇದೆಲ್ಲ ಲುಸಿಂಡಾಳಿಗೆ ತಿಳಿದದ್ದು ಆಮೇಲೆ. ಆಗ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಮನೆಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಕಿವಿ ಕೇಳದೆ ಇರಬಹುದು, ಮಲಗಿರಬಹುದು. ಮಲಗಿದ್ದರೆ? ಆ ಯೋಚನೆಯನ್ನು ಅವಳು ಅರ್ಧಕ್ಕೇ ಬಿಟ್ಟು ಮತ್ತೆ ನಂಬರು ತಿರುಗಿಸುತ್ತಿದ್ದಳು. ಹೊರಡೋಣವೆಂದರೆ ಹೆದ್ದಾರಿ ಮುಚ್ಚಿತ್ತು. ಅವಳ ಜಾಗಕ್ಕೆ ಬರಬೇಕಾದವರೂ ಬಂದಿರಲಿಲ್ಲ. ಒಂದಡಿ ಎಂದದ್ದನ್ನು ಅವಳು ಒಂದೂವರೆ ಮಾಡಿದಳು. ಹಾಗೆ ಬರೆಯುವಾಗ, ಆ ಅರ್ಧ ಅಡಿ ಉತ್ತರದ ಗೋಡೆಯ ಕೊಳವೆಯ ಮೇಲೆ ಬೀಳುತ್ತಿದೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಕತ್ತಲಾಗುವ ಮುಂಚೆ ಒಮ್ಮೆ ಫೋನೆತ್ತಿದರು.

"ಫುರ್ಟಾಡೊ ಮನೆ," ಎಂದಿತು ಒಂದು ಗಂಡಸಿನ ದನಿ. ಬಾಯಲ್ಲಿ ಏನೋ ತುಂಬಿಕೊಂಡಿತ್ತು.

ಲುಸಿಂಡಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಿಸ್ ಫುರ್ಟಾಡೊ? ಕೊಳವೆ ಬಿಡ್ಸಿದೀನಿ. ಅರ್ಧ ಮುಚ್ಚಿತ್ತು. ಅಜ್ಜಿ ಚೆನ್ನಾಗಿದ್ದಾರೆ. ಕಿಟಕಿ ತೆಗೆದು ಗಾಳಿ ಆಡಿಸ್ದೆ, ಅದಕ್ಕೆ ಬೈಸ್ಕೊಂಡೆ. ಫೋನ್ ಎತ್ತೋಕೆ ಬಂದ್ರೆ ಸೂಪು ಮುಗಿಸೋವರ್ಗೂ ಬಿಡ್ಲಿಲ್ಲ." ಹಿಂದಿನಿಂದ ವೊವೊ ಪೋರ್ಚುಗೀಸಿನಲ್ಲಿ ಏನೋ ಕೂಗುತ್ತಿದ್ದಳು. "ಏನಂತಿದ್ದಾರೆ ಇವ್ರು? ಆಗಿಂದ ಅದೇ ಕೇಳ್ತಿದ್ದಾರೆ, ನಂಗೆ ಅರ್ಥ ಆಗ್ತಿಲ್ಲ."

ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಇವನಿಗೆ ಹೆಂಡತಿ ಬೇಕಾ ಬೇಡವಾ ಕೇಳು, ನಾನು ಸಾಯುವ ಮುಂಚೆ ಎನ್ನುತ್ತಿದ್ದಳು ಅಜ್ಜಿ.

"ಇನ್ನೊಂದ್ಸಲ ಸೂಪು ಹಾಕ್ಲಾ ಅಂತಿದ್ದಾರೆ," ಎಂದಳು ಲುಸಿಂಡಾ. ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಆಚೆ ಕಡೆ ಅವನು ಫೋನಿಡಲಿಲ್ಲ. ಅವಳು ಮುಗಿಸುವವರೆಗೆ ಅದನ್ನು ಹಿಡಿದೇ ನಿಂತಿದ್ದ. ಪ್ರೆಬಲ್ ತನ್ನ ಕರವಸ್ತ್ರ ತಂದು ಅವಳ ಪಕ್ಕದಲ್ಲಿಟ್ಟು, ಕಿಟಕಿಯ ಕಡೆ ಹೋಗಿ ಹಿಮ ನೋಡುತ್ತ ನಿಂತ.

ಕೊನೆಗೆ ಬಿದ್ದದ್ದು ಎರಡಡಿಗೆ ಸ್ವಲ್ಪ ಕಡಿಮೆ. ಅವಳ ಅಂಕಿ ಈ ಸಲವೂ ತಪ್ಪೇ. ಆದರೆ ಊರಿನ ಯಾವ ಮಗುವೂ ರಸ್ತೆಯಲ್ಲಿರಲಿಲ್ಲ. ಮುಂದಿನ ವಾರ ಲುಸಿಂಡಾ ಬೇಕರಿಗೆ ಹೋದಾಗ ಒಡೀಟ್ ಸಿಹಿಬ್ರೆಡ್ಡಿನ ಜೊತೆ ಇನ್ನೂ ಎರಡು ಹೆಚ್ಚು ಕಟ್ಟಿ, "ಒಂದು ನಿಮ್ಮಜ್ಜಿಗೆ. ಇನ್ನೊಂದು ಆ ಶಾಲೆಯೋರಿಗೆ, ನೀನೇ ಕೊಟ್ಬಿಡು," ಎಂದಳು.

ಅದಕ್ಕೂ ಮುಂಚೆ, ಬಿರುಗಾಳಿ ನಿಂತು ರಸ್ತೆ ತೆರೆದ ಮೇಲೆ ಲುಸಿಂಡಾ ಮನೆ ಮುಟ್ಟಿದಾಗ ಬೀದಿಯಿಂದ ಬಾಗಿಲವರೆಗೆ ಹಿಮವನ್ನು ಕಡಿದು ದಾರಿ ಮಾಡಿತ್ತು. ಗೋಡೆ ಕಟ್ಟಿದಂತೆ ನೆಟ್ಟಗೆ, ಶಾಲೆಯವನ ಕೆಲಸವೆಂದು ನೋಡಿದರೆ ತಿಳಿಯುವಷ್ಟು ಅಚ್ಚುಕಟ್ಟು. ಆ ದಾರಿಯಿಂದ ಇನ್ನೊಂದು ಕವಲು ಉತ್ತರದ ಗೋಡೆಗೆ ಹೋಗಿತ್ತು. ಒಳಗೆ ಅವಳ ತಂದೆಯ ಕುರ್ಚಿಯಲ್ಲಿ ಹ್ಯಾಸ್ಕೆಲ್ ಬಾಯಿ ತೆರೆದು ಮಲಗಿದ್ದ. ಅವನ ಕಾಲಿನಲ್ಲಿ ಜರ್ವಾಸಿಯೊನ ಉಣ್ಣೆಯ ಕಾಲುಚೀಲ. ಅವನ ನಾಯಿ ಒಲೆಯ ಮುಂದೆ ಒರಗಿತ್ತು. ಮಧ್ಯೆ ಯಾವಾಗಲೋ ಮನೆಗೆ ಹೋಗಿ ಅದನ್ನೂ ಕರೆತಂದಿದ್ದ. ವೊವೊ ತುಟಿಯ ಮೇಲೆ ಬೆರಳಿಟ್ಟು, ಪಿಸುದನಿ ಎಂದು ತಾನಂದುಕೊಂಡ ದನಿಯಲ್ಲಿ, "ಎಬ್ಬಿಸ್ಬೇಡ, ಪಾಪ, ತುಂಬ ತಿಂತಾನೆ ಆದ್ರೆ ಒಳ್ಳೆಯೋನು," ಎಂದಳು. ಆ ಪಿಸುಮಾತಿಗೆ ಅವನಿಗೆ ಎಚ್ಚರವಾಯಿತು. ಎದ್ದು ನಿಂತು, ಟೋಪಿಗಾಗಿ ತಡಕಾಡಿದ. ಟೋಪಿ ಸಿಗಲಿಲ್ಲ. ದಾಟಿ ಹೋಗುವುದಕ್ಕೆ ರಸ್ತೆಯ ಆಚೆ ಬದಿಯೂ ಇರಲಿಲ್ಲ.

"ಕೂತ್ಕೊಳ್ಳಿ, ಎಲ್ಬ್ರಿಜ್," ಎಂದಳು ಲುಸಿಂಡಾ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಕೂತ.

ಮದುವೆ ಸೆಪ್ಟೆಂಬರಿನಲ್ಲಿ ಆಯಿತು. ಕೇಳಿದವನು ಅವನೇ, ಅದೂ ಫೋನಿನಲ್ಲಿ, ಏಪ್ರಿಲಿನ ಒಂದು ನಸುಕಿನಲ್ಲಿ. ಹಿಮವೂ ಇರಲಿಲ್ಲ, ಮಳೆಯೂ ಇರಲಿಲ್ಲ, ಫೋನ್ ಮಾಡುವುದಕ್ಕೆ ಯಾವ ಕಾರಣವೂ ಇರಲಿಲ್ಲ. ಮಿಸ್ ಗೋವ್ ಫ್ಲಾರಿಡಾದಿಂದ ಬಂದು ಚರ್ಚಿನಲ್ಲಿ ಆರ್ಗನ್ ನುಡಿಸಿದಳು. ವೊವೊ ಇನ್ನೂ ನಾಲ್ಕು ಚಳಿಗಾಲ ಬದುಕಿದಳು. ಕೊನೆಕೊನೆಗೆ ಮೊಮ್ಮಗಳ ಹೆಸರು ಮರೆತರೂ ಎಲ್ಬ್ರಿಜ್‌ನ ತಟ್ಟೆ ಖಾಲಿಯಾದದ್ದು ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಲುಸಿಂಡಾ ಆಮೇಲೂ ಹಲವು ಬಿರುಗಾಳಿಗಳಲ್ಲಿ ಎಡವಿದಳು. ಯಂತ್ರಗಳು ಚುರುಕಾದವು, ನಕ್ಷೆಗಳು ಬಣ್ಣಬಣ್ಣದವಾದವು, ಆದರೂ ಆ ಗೆರೆ ಓಕ್ ಗುಡ್ಡದ ಬುಡದಲ್ಲಿ ಬಂದು ಕೂತಾಗಲೆಲ್ಲ ಅವಳು ಬರೆದ ಅಂಕಿಯನ್ನು ಎರಡೆರಡು ಸಲ ಅಳಿಸಿ ಬರೆಯುತ್ತಿದ್ದಳು. ಹೊಸದಾಗಿ ಸೇರಿದವರಿಂದ ಅವಳು ಅದನ್ನು ಮುಚ್ಚಿಡುತ್ತಿರಲಿಲ್ಲ. ಅಂಕಿ ಹೇಳಿ, ಎಷ್ಟು ನಂಬಿಕೆ ಎಂದೂ ಹೇಳಿ, ಆಮೇಲೆ ಕಿಟಕಿಯ ಹೊರಗೆ ನೋಡುವುದನ್ನು ಮಾತ್ರ ಬಿಡಬೇಡಿ ಎನ್ನುತ್ತಿದ್ದಳು. ನಿವೃತ್ತಿಯ ದಿನ ಮೇ ತಿಂಗಳ ತಿಳಿ ಬಿಸಿಲು, ಎಲೆಯೂ ಅಲುಗದ ಗಾಳಿ. ಆಕಾಶ ಶುಭ್ರ ಎಂದು ಬರೆದು ಮೇಜು ಒರೆಸಿ ಮನೆಗೆ ಬಂದಳು. ಎಲ್ಬ್ರಿಜ್ ಹಿತ್ತಲಿನಲ್ಲಿ ಮೊಣಕಾಲೂರಿ ಟೊಮ್ಯಾಟೊ ಸಸಿ ನೆಡುತ್ತಿದ್ದ. ಇವತ್ತು ರಾತ್ರಿ ಮಂಜು ಕಟ್ಟಿ ಸಸಿ ಸುಟ್ಟುಹೋಗುವಷ್ಟು ಚಳಿ ಬೀಳುತ್ತದೆಯೇ ಎಂದು ಕೇಳಿದ.

ಲುಸಿಂಡಾ ಆಕಾಶ ನೋಡಿದಳು, ಕಡಲಿನ ಕಡೆ ನೋಡಿದಳು.

"ಗೊತ್ತಿಲ್ಲಪ್ಪ," ಎಂದಳು. "ಹಳೇ ಬೆಡ್‌ಶೀಟ್ ತರ್ತೀನಿ. ಇಬ್ರೂ ಸೇರಿ ಮುಚ್ಚಿಬಿಡೋಣ."